ಟಿವಿಯವರು ಕಟ್ಟಿಕೊಟ್ಟ ಮನೆ: ಬೀಗದ ಕೈ ಕೊಟ್ಟ ಮೇಲಿನ ಲೆಕ್ಕ

ಪುಕ್ಕಟೆ ಸಿಕ್ಕ ಮನೆ ಹರಾಜಿಗೆ ಬಂತು ಎಂಬ ಸುದ್ದಿ ಓದಿದವರು ಮೊದಲು ಕೇಳುವುದು ಒಂದೇ ಮಾತು: ಸಾಲ ಮಾಡದೆ ಬಂದ ಮನೆಯನ್ನು ಬ್ಯಾಂಕಿನವರು ಹೇಗೆ ಎಳೆದುಕೊಂಡರು? ಇಂಥ ಸುದ್ದಿ ಹಿಂದೆ ಅಮೆರಿಕದಿಂದ ಬರುತ್ತಿತ್ತು. ಈಗ ನಮ್ಮಲ್ಲೂ ಟಿವಿ ವಾಹಿನಿಗಳು, ಯೂಟ್ಯೂಬ್ ಚಾನೆಲ್‌ನವರು ಬಡವರ ಮನೆ ಹೊಸದು ಮಾಡಿಕೊಡುವ ಕೆಲಸಕ್ಕೆ ಇಳಿದಿದ್ದಾರೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಹಳ್ಳಿಗಳ ತಗಡಿನ ಶೆಡ್ಡು, ಕುಸಿದ ಮಣ್ಣಿನ ಗೋಡೆ ಇವರ ಕ್ಯಾಮೆರಾಗಳಿಗೆ ಸುಲಭವಾಗಿ ಸಿಗುತ್ತವೆ. ನೋಡುವವರಲ್ಲಿ ಕೆಲವರಿಗೆ ಇದು ಪುಣ್ಯದ ಕೆಲಸ, ಕೆಲವರಿಗೆ ಬಡತನದ ಮಾರಾಟ. ಬಹುಪಾಲು ಜನಕ್ಕೆ ಎರಡೂ ಒಟ್ಟಿಗೇ ಅನ್ನಿಸುತ್ತದೆ. ಕಣ್ಣು ಒದ್ದೆಯಾಗುತ್ತದೆ, ಬೆನ್ನಿಗೇ ಏನೋ ಸರಿಯಿಲ್ಲ ಅಂತಲೂ ಮನಸ್ಸು ಹೇಳುತ್ತದೆ. ಆ ‘ಏನೋ’ ಯಾವುದೆಂದು ಹುಡುಕಲು ತಳಪಾಯ, ಮನೆಪತ್ರ ಮತ್ತು ಕರೆಂಟು ಬಿಲ್ಲಿನ ದಾರಿ ಹಿಡಿಯುವುದು ಒಳ್ಳೆಯದು.

ಅಮೆರಿಕದ ಮನೆ ಹರಾಜಾದದ್ದು ಹೇಗೆ

‘ಎಕ್ಸ್‌ಟ್ರೀಮ್ ಮೇಕೋವರ್: ಹೋಮ್ ಎಡಿಷನ್’ ಅಮೆರಿಕದ ಎಬಿಸಿ ವಾಹಿನಿಯಲ್ಲಿ 2003ರಿಂದ 2012ರವರೆಗೆ ಓಡಿತು. ಕಷ್ಟದಲ್ಲಿರುವ ಕುಟುಂಬವನ್ನು ವಾರದ ಮಟ್ಟಿಗೆ ಪ್ರವಾಸಕ್ಕೆ ಕಳಿಸಿ, ಏಳು ದಿನದಲ್ಲಿ ಹಳೆ ಮನೆ ಕೆಡವಿ ಹೊಸದು ಎಬ್ಬಿಸಿ, ಕೊನೆಗೆ ಅಡ್ಡ ನಿಲ್ಲಿಸಿದ ಬಸ್ಸನ್ನು ಸರಿಸಿ ಮನೆ ತೋರಿಸುವುದು ಅದರ ಪದ್ಧತಿ. ನಮ್ಮ ಕಾರ್ಯಕ್ರಮಗಳಲ್ಲಿ ಪರದೆ ಎಳೆದು ಮನೆ ತೋರಿಸುವ ಗಳಿಗೆ ಬರುತ್ತದಲ್ಲ, ಅದರ ಬೇರು ಅಲ್ಲಿದೆ.

ಕಟ್ಟಿದ ಮನೆಗಳಲ್ಲಿ ಕೆಲವು ದೊಡ್ಡ ಬಂಗಲೆಗಳೇ. ಮನೆ ದೊಡ್ಡದಾದರೆ ಅದರ ಬೆಲೆಯ ಮೇಲೆ ಹಾಕುವ ವಾರ್ಷಿಕ ತೆರಿಗೆ ಏರುತ್ತದೆ, ಕರೆಂಟು ಬಿಲ್ಲು, ವಿಮೆ, ದುರಸ್ತಿಯ ಖರ್ಚು ಏರುತ್ತವೆ. ಕುಟುಂಬದ ದುಡಿಮೆ ಮಾತ್ರ ಹಿಂದಿನಷ್ಟೇ. ಕೈ ಬಿಗಿಯಾದಾಗ ಇರುವ ಒಂದೇ ಆಸ್ತಿಯನ್ನು ಅಡವಿಟ್ಟು ಸಾಲ ತರುತ್ತಾರೆ. ಅಟ್ಲಾಂಟಾ ಹತ್ತಿರದ ಒಂದು ಕುಟುಂಬ ಹೀಗೆ 4.5 ಲಕ್ಷ ಡಾಲರ್ ಸಾಲ ತೆಗೆದು ವ್ಯಾಪಾರಕ್ಕೆ ಹಾಕಿತು. ವ್ಯಾಪಾರ ಕೈಕೊಟ್ಟಿತು, 2008ರಲ್ಲಿ ಮನೆ ಹರಾಜಿನ ಪಟ್ಟಿಗೆ ಬಂತು. ‘ಕೊಟ್ಟದ್ದನ್ನು ಉಳಿಸಿಕೊಳ್ಳಲಿಲ್ಲ’ ಎಂದು ಜನ ಬೈದರು. ಆದರೆ ಅದೇ ವರ್ಷ ಅಮೆರಿಕದ ಗೃಹಸಾಲದ ಲೋಕವೇ ಕುಸಿದಿತ್ತು, ದಾನದ ಮನೆಯಿಲ್ಲದ ಲಕ್ಷಾಂತರ ಜನರೂ ಮನೆ ಕಳೆದುಕೊಂಡರು ಎಂಬುದನ್ನು ಮರೆತರು. ಮುಂದೆ ಕಾರ್ಯಕ್ರಮದವರೇ ಮನೆಗಳ ಗಾತ್ರ ಇಳಿಸಿದರು.

ಬ್ರಿಟನ್ನಿನ ಬಿಬಿಸಿಯಲ್ಲಿ 1999ರಲ್ಲಿ ಶುರುವಾದ ‘ಡಿಐವೈ ಎಸ್ಒಎಸ್’ ಬೇರೆ ದಾರಿ ಹಿಡಿಯಿತು. 2010ರಿಂದ ಅದು ಆಯಾ ಊರಿನ ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳನ್ನು ಸೇರಿಸಿ, ಇರುವ ಮನೆಯನ್ನೇ ಬಹುಮಟ್ಟಿಗೆ ಅಂಗವಿಕಲರು, ಕಾಯಿಲೆಯವರು ಓಡಾಡುವಂತೆ ಮಾರ್ಪಡಿಸುತ್ತದೆ. ಬಚ್ಚಲು ಹಿಗ್ಗಿಸುವುದು, ಗಾಲಿಕುರ್ಚಿ ಹೋಗುವಷ್ಟು ಬಾಗಿಲು ಅಗಲ ಮಾಡುವುದು, ಇಂಥವು. ಅಲ್ಲೂ ಕಣ್ಣೀರಿದೆ, ಸಂಗೀತವಿದೆ. ಆದರೆ ಮನೆಯವರ ಬದುಕು ಎಷ್ಟಿದೆಯೋ ಮನೆಯೂ ಅಷ್ಟರಲ್ಲೇ ಇರುತ್ತದೆ.

ಎರಡು ಕಡೆಯ ಮಾತು

ಪರವಾಗಿ ಹೇಳುವವರ ವಾದ ನೇರವಾಗಿದೆ. ಪಂಚಾಯಿತಿಯ ಪಟ್ಟಿಯಲ್ಲಿ ಹೆಸರು ಬರುವ ತನಕ ಸೋರುವ ಸೂರಿನ ಕೆಳಗೆ ಎಷ್ಟು ಮಳೆಗಾಲ ಕಳೆಯಬೇಕು? ಬಂದ ಮೇಲಾದರೂ ಸಿಗುವುದೆಷ್ಟು? ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯ ಮನೆಗೆ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 269 ಚದರಡಿ ಇರಬೇಕು. ಬಯಲು ಪ್ರದೇಶಕ್ಕೆ ಕೇಂದ್ರದ ಮಾನದಂಡದ ನೆರವು 1.20 ಲಕ್ಷ ರೂಪಾಯಿ. ಭಾಗಿಸಿದರೆ ಚದರಡಿಗೆ 446 ರೂಪಾಯಿ. ಚದರಡಿಗೆ 1,500 ರೂಪಾಯಿಯಂತೆ ಸಾಧಾರಣ ಕೆಲಸ ಮಾಡಿಸಿದರೂ ಅದೇ ಮನೆಗೆ ನಾಲ್ಕು ಲಕ್ಷ ಬೇಕು. ಉಳಿದ ಹಣ ಬಡ್ಡಿ ಸಾಲದ್ದು. ಇಂಥಲ್ಲಿ ಯಾರೋ ಬಂದು ಪೂರ್ತಿ ಮನೆ ಕಟ್ಟಿಕೊಟ್ಟರೆ ಬೇಡ ಅನ್ನಲು ನಾವು ಯಾರು ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಗೆ ಟೀಕಾಕಾರರಲ್ಲಿ ಗಟ್ಟಿ ಉತ್ತರವಿಲ್ಲ.

ವಿರೋಧಿಸುವವರು ಹೇಳುವುದು ಆಯ್ಕೆಯ ಬಗ್ಗೆ. ಒಂದು ಓಣಿಯಲ್ಲಿ ಇಪ್ಪತ್ತು ಶೆಡ್ಡುಗಳಿದ್ದರೆ ಕ್ಯಾಮೆರಾ ಹೊಕ್ಕುವುದು ಕಥೆ ಚೆನ್ನಾಗಿರುವ ಒಂದಕ್ಕೆ. ಗಂಡ ಕುಡುಕನಾಗಿದ್ದು ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಿದ್ದರೆ ಕಥೆ ಉಂಟು. ಸುಮ್ಮನೆ ಬಡವರಾಗಿದ್ದರೆ ಇಲ್ಲ. ವಾರ್ಡು ಸಭೆ, ಗ್ರಾಮಸಭೆಯ ಆಯ್ಕೆಯಲ್ಲಿ ಎಷ್ಟೇ ಹೊಲಸಿರಲಿ, ಅಲ್ಲಿ ಎದ್ದು ನಿಂತು ‘ನಮ್ಮ ಹೆಸರು ಯಾಕಿಲ್ಲ’ ಎಂದು ಕೇಳುವ ಹಕ್ಕಿದೆ. ಕಾರ್ಯಕ್ರಮದ ಸಿಬ್ಬಂದಿಯನ್ನು ಹಾಗೆ ಕೇಳಲು ಬರುವುದಿಲ್ಲ.

ಎರಡೂ ಮಾತು ಸರಿಯೇ. ಆದರೆ ಮನೆ ಹತ್ತು ವರ್ಷ ನಿಲ್ಲುತ್ತದೋ ಎರಡು ವರ್ಷಕ್ಕೆ ಬಾಯಿ ಬಿಡುತ್ತದೋ ಎಂಬುದನ್ನು ಇವೆರಡೂ ತೀರ್ಮಾನಿಸುವುದಿಲ್ಲ. ಅದನ್ನು ತೀರ್ಮಾನಿಸುವುದು ನೆಲ.

ಏಳು ದಿನ ಮತ್ತು ಎರೆ ಮಣ್ಣು

ಅಮೆರಿಕದ ಏಳು ದಿನದ ಲೆಕ್ಕ ನಿಂತಿರುವುದು ಮರದ ಚೌಕಟ್ಟಿನ ಮೇಲೆ. ಅಲ್ಲಿ ಗೋಡೆಯೂ ಛಾವಣಿಯೂ ಕೊಯ್ದ ಮರ, ಮೇಲೆ ಜಿಪ್ಸಂ ಹಲಗೆ. ನೀರು ಹೊಡೆದು ಕಾಯಬೇಕಾದ ಕೆಲಸ ತೀರಾ ಕಡಿಮೆ. ನಮ್ಮದು ಸಿಮೆಂಟು. ಅದಕ್ಕೆ ಅವಸರ ಗೊತ್ತಿಲ್ಲ.

ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಏನು ಹೇಳುತ್ತದೆ ನೋಡಿ. ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ ನೀರುಣಿಸಬೇಕು. ಹಾರುಬೂದಿ ಬೆರೆತ ಸಿಮೆಂಟಾದರೆ, ಇಲ್ಲವೇ ಒಣಹವೆಯ ಬಿಸಿಲಾದರೆ 10 ದಿನ. ಈಗ ಅಂಗಡಿಯಲ್ಲಿ ಸಿಗುವುದು ಬಹುತೇಕ ಬೆರೆತದ್ದೇ, ರಾಯಚೂರಿನ ಬಿಸಿಲು ಹೇಳುವುದೇ ಬೇಡ. ಹಾಗಾಗಿ ಇಲ್ಲಿ 10 ದಿನವೇ ಲೆಕ್ಕ. ನಾಲ್ಕೂವರೆ ಮೀಟರಿನೊಳಗಿನ ಸ್ಲ್ಯಾಬಿನ ಕೆಳಗಿನ ಆಸರೆ ಗೂಟಗಳನ್ನು 7 ದಿನ ತೆಗೆಯಬಾರದು, ಅದಕ್ಕಿಂತ ಅಗಲವಾದರೆ 14 ದಿನ. ಏಳನೇ ದಿನಕ್ಕೆ ಕಾಂಕ್ರೀಟಿಗೆ ಬರುವ ಬಲ ಸುಮಾರು ಮೂರರಲ್ಲಿ ಎರಡು ಪಾಲು. ಪೂರ್ತಿ ಬಲದ ಲೆಕ್ಕ 28 ದಿನದ್ದು. ತಳಪಾಯ, ಗೋಡೆ, ಲಿಂಟಲ್ (ಬಾಗಿಲು-ಕಿಟಕಿಯ ಮೇಲಿನ ತೊಲೆ), ಸ್ಲ್ಯಾಬು, ಗಿಲಾಯಿ (ಗೋಡೆಗೆ ಬಳಿಯುವ ಸಿಮೆಂಟು ಗಾರೆ) ಒಂದೊಂದಕ್ಕೂ ಈ ಕಾಯುವಿಕೆ ಸೇರಿಸಿದರೆ ಚಿಕ್ಕ ಮನೆಗೂ ಮೂರು ತಿಂಗಳು ಹಿಡಿಯುತ್ತದೆ.

ಇದನ್ನು ಹದಿನೈದು ದಿನಕ್ಕೆ ತುಂಬಲು ಹೋದಾಗ ಮೊದಲು ಕೆಡುವುದು ಬಣ್ಣ. ಗಿಲಾಯಿ ಒಣಗುವ ಮೊದಲೇ ಪುಟ್ಟಿ, ಬಣ್ಣ ಹೊಡೆದರೆ ಒಳಗಿನ ತೇವ ಹೊರಗೆ ಬರುವಾಗ ಉಪ್ಪನ್ನೂ ಹೊತ್ತು ತರುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಹುಡಿ ಏಳುತ್ತದೆ, ಪುಟ್ಟಿ ಹಪ್ಪಳದಂತೆ ಎದ್ದು ಬರುತ್ತದೆ. ಸವಳು ಬೋರಿನ ನೀರು ಬಳಸಿದ್ದರೆ ಇನ್ನೂ ಬೇಗ. ಕಬ್ಬಿಣವಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಎಂಬ ಮಿತಿ ಅದೇ ಮಾನಕದಲ್ಲಿದೆ. ಮೀರಿದರೆ ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಬಾಯಿಗೆ ಉಪ್ಪೆನಿಸುವ ನೀರನ್ನು ಪರೀಕ್ಷೆ ಮಾಡಿಸದೆ ಕಾಂಕ್ರೀಟಿಗೆ ಹಾಕಬಾರದು.

ಬಣ್ಣ ಹೋದರೆ ಮತ್ತೆ ಹೊಡೆಯಬಹುದು. ತಳಪಾಯ ಹೋದರೆ ಮುಗಿಯಿತು. ಸಿಂಧನೂರು, ಮಾನ್ವಿ, ಸಿರುಗುಪ್ಪ, ಯಲಬುರ್ಗಾ ಕಡೆ ಬಹಳಷ್ಟು ಎರೆ ನೆಲ, ಅಂದರೆ ಕಪ್ಪು ಜೇಡಿಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಮನೆಯ ಕೆಳಗಿನ ನೆಲ ಎಲ್ಲ ಕಡೆ ಒಂದೇ ಸಮ ಉಬ್ಬಿದರೆ ತೊಂದರೆ ಕಡಿಮೆ, ಹಾಗಾಗುವುದಿಲ್ಲ. ಬಚ್ಚಲ ನೀರು ಇಂಗುವ ಮೂಲೆ ವರ್ಷವಿಡೀ ತೇವವಾಗಿದ್ದು ಎದ್ದುಕೊಂಡಿರುತ್ತದೆ, ಬಿಸಿಲು ಬೀಳುವ ಮೂಲೆ ಒಣಗಿ ಕೂರುತ್ತದೆ. ಗೋಡೆ ನಡುವೆ ಸೀಳುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರುವ ಬಿರುಕು ಕಂಡರೆ ಅದು ಗಿಲಾಯಿಯ ತಪ್ಪಲ್ಲ, ಕೆಳಗೆ ನೆಲ ಸರಿದಾಡಿದೆ ಎಂದೇ ತಿಳಿಯಬೇಕು. ಸಿಮೆಂಟು ಮೆತ್ತಿದರೆ ಮುಂದಿನ ಬೇಸಿಗೆಗೆ ಮತ್ತೆ ಬಿಡುತ್ತದೆ.

ಇದಕ್ಕೆ ಮದ್ದಿಲ್ಲವೆಂದಲ್ಲ. ಬೇಸಿಗೆಯಲ್ಲಿ ಐದಾರು ಅಡಿಯ ಪರೀಕ್ಷಾ ಗುಂಡಿ ತೋಡಿ ಬಿರುಕು ಎಲ್ಲಿಗೆ ನಿಲ್ಲುತ್ತದೆ, ಗರಸು (ಗಟ್ಟಿ ಕಲ್ಲುಮಿಶ್ರಿತ ಮಣ್ಣು) ಎಲ್ಲಿ ಸಿಗುತ್ತದೆ ಎಂದು ನೋಡಬೇಕು. ಗರಸು ಹತ್ತಿರದಲ್ಲೇ ಸಿಕ್ಕರೆ ಅಲ್ಲಿಂದಲೇ ತಳಪಾಯ ಎಬ್ಬಿಸಬಹುದು. ಸಿಗದಿದ್ದರೆ ಎರೆ ಮಣ್ಣು ತೆಗೆದು ಹೊರಗಿನ ಗರಸನ್ನು ಆರು-ಎಂಟು ಇಂಚಿನ ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೂ ನೀರು ಹಾಕಿ ದಮ್ಮಸು ಹೊಡೆಯಬೇಕು. ಇನ್ನೂ ಆಳದ ಎರೆಯಾದರೆ ಹತ್ತು-ಹನ್ನೆರಡು ಅಡಿ ಕೊರೆದು, ತುದಿಯಲ್ಲಿ ಕೊಳವೆಯ ಎರಡೂವರೆ ಪಟ್ಟು ಅಗಲದ ಗಡ್ಡೆ ಬರುವಂತೆ ಕಾಂಕ್ರೀಟ್ ಕಂಬ ಇಳಿಸುತ್ತಾರೆ. ಅವುಗಳ ಮೇಲೆ ಕೂರುವ ತೊಲೆಗೂ ನೆಲಕ್ಕೂ ಮಧ್ಯೆ ಮೂರಿಂಚು ಖಾಲಿ ಬಿಡಬೇಕು. ಇಲ್ಲದಿದ್ದರೆ ಉಬ್ಬುವ ಮಣ್ಣು ತೊಲೆಯನ್ನೇ ಎತ್ತುತ್ತದೆ. ಕೊನೆಗೆ ಮನೆ ಸುತ್ತ ನಾಲ್ಕಡಿ ಅಗಲದ, ಹೊರಕ್ಕೆ ಇಳಿಜಾರಾದ ಪರ್ಸಿ (ಹಾಸುಗಲ್ಲು) ಅಥವಾ ಕಾಂಕ್ರೀಟಿನ ಅಂಚು. ಬಚ್ಚಲ ನೀರಿಗೆ ದೂರದವರೆಗೆ ಪೈಪು. ಮಸಾರಿ (ಕೆಂಪು ಮಣ್ಣಿನ) ನೆಲದ ಊರುಗಳಲ್ಲಿ ಇಷ್ಟು ತಾಪತ್ರಯವಿಲ್ಲ.

ಇದೆಲ್ಲ ನೆಲದೊಳಗೆ ಹೂತು ಹೋಗುವ ದುಡ್ಡು. ಕ್ಯಾಮೆರಾಕ್ಕೆ ಕಾಣುವುದಿಲ್ಲ. ಮೇಕೋವರ್ ಕಾರ್ಯಕ್ರಮದ ದೊಡ್ಡ ದೋಷ ಇಲ್ಲೇ ಇದೆ: ಅದರ ಬಜೆಟ್ಟು ಕಾಣುವ ಕಡೆಗೆ ವಾಲುತ್ತದೆ. ಪಿಒಪಿ ಸೀಲಿಂಗು, ಎಲ್‌ಇಡಿ ಪಟ್ಟಿ, ಗೋಡೆಗೆ ಚಿತ್ರ, ಸೋಫಾ.

ಬಿಸಿಲು, ಕಟ್ಟೆ, ದನ

ಈ ಭಾಗದ ಹಳೆ ಮಾಳಿಗೆ ಮನೆಗಳು ದಪ್ಪ ಗೋಡೆ, ತೊಲೆ-ಜಂತಿ, ಮೇಲೆ ಮಣ್ಣಿನ ಮೇಲ್ಮುದ್ದೆಯವು. ದಪ್ಪ ಮಣ್ಣು ಹಗಲಿನ ಕಾವನ್ನು ಒಳಗೆ ಬಿಡಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಪ್ರತಿ ವರ್ಷ ಮಳೆಗೆ ಮುಂಚೆ ಮಣ್ಣು ಹಾಕಿ ತುಳಿಯಬೇಕು, ಆಳು ಸಿಗುವುದಿಲ್ಲ, ಸೋರುತ್ತದೆ. ಆದ್ದರಿಂದ ಅದನ್ನು ಬಿಟ್ಟದ್ದರಲ್ಲಿ ತಪ್ಪಿಲ್ಲ. ಆದರೆ ಅದರ ಜಾಗಕ್ಕೆ ತಗಡು ಹೊದಿಸಿ ಕೆಳಗೆ ಪಿವಿಸಿ ಸೀಲಿಂಗು ಕಟ್ಟಿದರೆ ಏಪ್ರಿಲ್ ಮಧ್ಯಾಹ್ನ ಒಳಗೆ ಕೂರಲಾಗದು. ಐದಿಂಚಿನ ಸ್ಲ್ಯಾಬೂ ಹಗಲಿಡೀ ಕಾದು ರಾತ್ರಿ ಒಳಗೆ ಕಾವು ಬಿಡುತ್ತದೆ. ಸ್ಲ್ಯಾಬಿನ ಮೇಲೆ ಸುಣ್ಣದ ದಪ್ಪ ಬಳಿತ ಅಥವಾ ಒಡೆದ ಬಿಳಿ ಟೈಲ್ಸಿನ ಹೊದಿಕೆ, ಗಾಳಿ ಎದುರುಬದುರು ಹಾಯುವ ಕಿಟಕಿ, ಇವು ಅಗ್ಗದ ಕೆಲಸಗಳು. ಟಿವಿಯಲ್ಲಿ ಇವುಗಳಿಗೆ ಚಪ್ಪಾಳೆ ಬೀಳುವುದಿಲ್ಲ.

ಮುಂದಿನ ಕಟ್ಟೆಯದೂ ಇದೇ ಕಥೆ. ‘ಎಲಿವೇಷನ್’ ಚೆಂದ ಕಾಣಲೆಂದು ಅದನ್ನು ಕಿತ್ತು ಗೇಟು, ಗ್ರಿಲ್ಲು ಕೂರಿಸುತ್ತಾರೆ. ಬೇಸಿಗೆ ರಾತ್ರಿ ಮಲಗುವುದು, ಶೇಂಗಾ ಬಿಡಿಸುವುದು, ಹಿರಿಯರು ಹಗಲು ಕಳೆಯುವುದು ಎಲ್ಲವೂ ಆ ಕಟ್ಟೆಯ ಮೇಲೇ. ಎರಡು ಮೇಕೆ ಕಟ್ಟುವ ಮೂಲೆ ಇಲ್ಲದ ಮನೆ ಕೂಲಿಯವರ ಸಂಸಾರಕ್ಕೆ ಅರ್ಧ ಮನೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆಯ ನಂತರ ಸರ್ಕಾರ ದಾನಿಗಳನ್ನು, ಕಂಪನಿಗಳನ್ನು ಸೇರಿಸಿಕೊಂಡು ‘ಆಸರೆ’ ಮನೆಗಳನ್ನು ಕಟ್ಟಿಸಿದಾಗ ಈ ಪಾಠ ಒಮ್ಮೆ ಆಗಿತ್ತು. ಹೊಲಕ್ಕೆ ದೂರ, ದನಕ್ಕೆ ಜಾಗವಿಲ್ಲ, ಅಣ್ಣತಮ್ಮಂದಿರ ಸಂಸಾರಕ್ಕೆ ಸಾಲದು ಎಂದು ಹಲವೆಡೆ ಜನ ಹೋಗಲೇ ಇಲ್ಲ. ಬಾಗಿಲು ಕಿಟಕಿ ಕಳುವಾದವು, ಜಾಲಿ ಬೆಳೆಯಿತು. ಗುಳೆ ಹೋಗುವ ಕುಟುಂಬಗಳದ್ದು ಇನ್ನೊಂದು ಬಗೆ. ವರ್ಷದಲ್ಲಿ ನಾಲ್ಕೈದು ತಿಂಗಳು ಬೀಗ ಹಾಕಿದ ಮನೆಯಲ್ಲಿ ಪ್ಲೈವುಡ್ ಕಪಾಟುಗಳಿಗೆ ಗೆದ್ದಲು ಹತ್ತುತ್ತದೆ. ಅಲ್ಲಿ ಬೇಕಾದದ್ದು ಕಡಪ ಕಲ್ಲಿನ ಗೂಡು ಮತ್ತು ಗಟ್ಟಿ ಚಿಲಕ. (ಬೆಂಗಳೂರಿನ ಅಪಾರ್ಟ್‌ಮೆಂಟು ಕಟ್ಟುವವರಲ್ಲಿ ಈ ಗುಳೆ ಹೋದವರೇ ಎಷ್ಟೋ ಜನ ಎಂಬುದು ಬೇರೆ ಮಾತು.)

ಜಾಗ ಯಾರ ಹೆಸರಲ್ಲಿದೆ

ಗ್ರಾಮಠಾಣಾದ ಹಳೆ ಮನೆಜಾಗ ಬಹುಪಾಲು ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಶೆಡ್ಡು ಇರುವತನಕ ಯಾರೂ ಕೇಳುವುದಿಲ್ಲ. ಎಂಟು ಲಕ್ಷದ ಮನೆ ಎದ್ದ ಮರುದಿನ ಚಿಕ್ಕಪ್ಪನ ಮಗನಿಗೆ ತನ್ನ ಪಾಲು ನೆನಪಾಗುತ್ತದೆ, ಮದುವೆಯಾಗಿ ಹೋದ ಅಕ್ಕತಂಗಿಯರಿಗೂ ಕಾನೂನಿನಂತೆ ಪಾಲುಂಟು. ಹಾಗಾಗಿ ಕಟ್ಟುವ ಮೊದಲೇ ವಂಶವೃಕ್ಷ ತೆಗೆಸಿ, ಖಾತೆ ವಾರಸುದಾರರ ಹೆಸರಿಗೆ ಮಾಡಿಸಿ, ಪಾಲು ವಿಭಾಗ ನೋಂದಾಯಿಸಿ, ಪಂಚಾಯಿತಿ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಪಡೆಯಬೇಕು. ನಮೂನೆ 11ಬಿ (ಪೂರ್ತಿ ಸಕ್ರಮವಲ್ಲದ ಆಸ್ತಿಯ ದಾಖಲೆ) ಇರುವ ಜಾಗ, ಸರ್ಕಾರಿ ಭೂಮಿಯ ಮೇಲಿನ ಶೆಡ್ಡು, ಷರತ್ತಿನ ಹಕ್ಕುಪತ್ರದ ನಿವೇಶನ ಆಗಿದ್ದರೆ ಪಿಡಿಒ ಮತ್ತು ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸದೆ ಒಂದು ಇಟ್ಟಿಗೆಯನ್ನೂ ಇಡಬಾರದು.

ದಾನಿಯೇ ನಿವೇಶನ ಕೊಂಡು ಕೊಟ್ಟರೆ ಬೇರೆ ಲೆಕ್ಕ. ಕುಟುಂಬದ ಹೊರಗಿನವರ ದಾನಪತ್ರಕ್ಕೆ ಮಾರುಕಟ್ಟೆ ಬೆಲೆಯ ಶೇ 5ರಷ್ಟು ಮುದ್ರಾಂಕ ಶುಲ್ಕ, ಅದರ ಮೇಲೆ ನೋಂದಣಿ ಶುಲ್ಕ ಬೀಳುತ್ತದೆ. ಅದನ್ನು ಯಾರು ಕಟ್ಟುತ್ತಾರೆ ಎಂಬುದು ಮೊದಲೇ ತೀರ್ಮಾನವಾಗಬೇಕು. ಪತ್ರ ಮನೆಯ ಹೆಣ್ಣುಮಗಳ ಹೆಸರಿಗಿದ್ದರೆ ಅಡವಿಡುವುದು ಅಷ್ಟು ಸುಲಭವಾಗದು. ಸರ್ಕಾರಿ ವಸತಿ ಯೋಜನೆಗಳು ಇದನ್ನೇ ಮಾಡುತ್ತ ಬಂದಿವೆ.

ಮನೆ ಬಂತು, ಸವಲತ್ತು ಹೋಯಿತೇ?

ಹಳ್ಳಿಗಳಲ್ಲಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಆವಾಸ್ ಯೋಜನೆಯಲ್ಲಿ ಪಕ್ಕಾ ಮನೆಯಿದ್ದವರು ಅರ್ಹರಲ್ಲ. ಆದ್ದರಿಂದ ಪಟ್ಟಿಯಲ್ಲಿ ಹೆಸರಿದ್ದವರಿಗೆ ಟಿವಿಯವರು ಚಿಕ್ಕದೊಂದು ಪಕ್ಕಾ ಕೋಣೆ ಕಟ್ಟಿಕೊಟ್ಟರೂ ಸರದಿ ತಪ್ಪಬಹುದು. ಆಗಲೇ ಕಾರ್ಯಾದೇಶ ಬಂದಿದ್ದರೆ ತಳಪಾಯ, ಲಿಂಟಲ್, ಛಾವಣಿ ಹೀಗೆ ಹಂತಹಂತದ ಜಿಪಿಎಸ್ ಫೋಟೊ ಮೇಲೆ ಕಂತು ಬರುತ್ತದೆ. ವಾರದಲ್ಲಿ ಎದ್ದ ಮನೆಗೆ ಆ ಫೋಟೊಗಳೇ ಇರುವುದಿಲ್ಲ, ಕಂತು ನಿಲ್ಲುತ್ತದೆ.

ಬಿಪಿಎಲ್ ಕಾರ್ಡಿನ ವಿಷಯದಲ್ಲಿ ಹಳ್ಳಿಯವರು ಅನಗತ್ಯವಾಗಿ ಹೆದರುವುದೂ ಇದೆ. 1,000 ಚದರಡಿ ಮೀರಿದ ಪಕ್ಕಾ ಮನೆಯ ಮಾನದಂಡ ನಗರ ಪ್ರದೇಶಕ್ಕೆ ಮಾತ್ರ. ಆದರೆ ವಾರ್ಷಿಕ 1.20 ಲಕ್ಷ ರೂಪಾಯಿ ಆದಾಯದ ಮಿತಿ ಮತ್ತು ಆದಾಯ ತೆರಿಗೆ ಪಾವತಿಯ ಮಾನದಂಡ ಎಲ್ಲರಿಗೂ ಅನ್ವಯ. ಇಲ್ಲಿ ತೆರಿಗೆ ಬಾಗಿಲು ತಟ್ಟುತ್ತದೆ. ಸ್ಪರ್ಧೆ ಗೆದ್ದು ಬಂದ ಬಹುಮಾನವಾದರೆ ಶೇ 30 ತೆರಿಗೆ. ಬಹುಮಾನ ವಸ್ತು ರೂಪದ್ದಾದರೂ ತೆರಿಗೆ ಸಂದಾಯವಾದ ಮೇಲೆಯೇ ಕೊಡಬೇಕು. ಸ್ಪರ್ಧೆಯಿಲ್ಲದ ದಾನದಲ್ಲಿ, ನೆಂಟರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ದಾಟಿ ಬಂದ ಹಣ, ಅಥವಾ ಅಷ್ಟು ಬೆಲೆ ಮೀರಿದ ಸ್ಥಿರಾಸ್ತಿ ಆದಾಯವೆನಿಸುತ್ತದೆ. ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿದ ಧರ್ಮಾರ್ಥ ಟ್ರಸ್ಟಿನ ಮೂಲಕ ಬಂದರೆ ಅದಕ್ಕೆ ವಿನಾಯಿತಿ ಇದೆ. ಕಾರ್ಯಕ್ರಮದವರು ಲೆಕ್ಕಪರಿಶೋಧಕರೊಬ್ಬರ ಜೊತೆ ಅರ್ಧ ಗಂಟೆ ಕೂತರೆ ಬಗೆಹರಿಯುವ ಕೆಲಸ ಇದು. ಕೂರದಿದ್ದರೆ ನೋಟಿಸು ಬರುವುದು ಮನೆಯವರಿಗೆ.

ಕರೆಂಟಿನದು ಇನ್ನೂ ಸರಳ. ಈ ಭಾಗಕ್ಕೆ ವಿದ್ಯುತ್ ಕೊಡುವ ಜೆಸ್ಕಾಂ ಗ್ರಾಹಕರಿಗೂ ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಇದೆ. ಆದರೆ ಪ್ರತಿ ಮನೆಗೆ ಹಿಂದಿನ ಬಳಕೆಯ ಸರಾಸರಿಯ ಮೇಲೆ ಮಿತಿ ಇದೆ, ತಿಂಗಳಿಗೆ 200 ಯೂನಿಟ್ ಮೀರಿದರೆ ಇಡೀ ಬಿಲ್ಲು ಕಟ್ಟಬೇಕು. ಉಡುಗೊರೆಯ ಎಸಿ ಗಂಟೆಗೆ ಒಂದೇ ಯೂನಿಟ್ ಎಂದು ಹಿಡಿದರೂ ರಾತ್ರಿ 7 ತಾಸು ಓಡಿದರೆ ತಿಂಗಳಿಗೆ 210. ಬಿಲ್ಲು ಸಾವಿರ ದಾಟುತ್ತದೆ. 2025–26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಟ್ಲಾಂಟಾದ ಕಥೆಗೂ ಇದಕ್ಕೂ ಸೊನ್ನೆಗಳಷ್ಟೇ ವ್ಯತ್ಯಾಸ.

ಮುಯ್ಯಿ ತೀರಿಸುವುದು ಹೇಗೆ

ಈ ಸೀಮೆಯಲ್ಲಿ ದಾನಕ್ಕಿಂತ ಹಳೆಯದು ಮುಯ್ಯಿ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಮದುವೆಯಲ್ಲಿ ಮಾಡಿದ ಮುಯ್ಯನ್ನು ಬರೆದಿಟ್ಟುಕೊಂಡು ತಿರುಗಿ ಮಾಡುತ್ತಾರೆ. ಟಿವಿ ಮನೆಗೆ ತಿರುಗಿ ಮಾಡಲು ಕುಟುಂಬದ ಹತ್ತಿರ ಏನೂ ಇಲ್ಲ, ಕಥೆಯೊಂದನ್ನು ಬಿಟ್ಟು. ಗಂಡ ಹೊಡೆದದ್ದು, ಮಗು ಹಸಿದದ್ದು, ಮಗಳ ಕಾಯಿಲೆ. ಮಾಜಿ ದೇವದಾಸಿ ಮಹಿಳೆಯರು ಬಹಳ ಕಾಲದಿಂದ ವಸತಿ ಕೇಳುತ್ತಿರುವ ಜಿಲ್ಲೆಗಳಿವು. ಅವರಲ್ಲೊಬ್ಬರು ಸೂರಿಗಾಗಿ ಕ್ಯಾಮೆರಾ ಮುಂದೆ ತನ್ನ ಬದುಕು ಬಿಚ್ಚಬೇಕಾಗಿ ಬಂದರೆ, ಆ ವಿಡಿಯೊ ಮಕ್ಕಳು ಕಾಲೇಜು ಸೇರಿದ ಮೇಲೂ ಮೊಬೈಲುಗಳಲ್ಲಿ ತಿರುಗುತ್ತದೆ. ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಕ್ಕಳ ಗುರುತು ಬಯಲು ಮಾಡುವುದನ್ನು ಬಾಲನ್ಯಾಯ ಕಾಯ್ದೆಯೇ ನಿಷೇಧಿಸುತ್ತದೆ ಎಂಬುದನ್ನು ನಿರ್ಮಾಪಕರು ನೆನಪಿಡಬೇಕು.

ಸಹಿ ಹಾಕಿದ್ದಾರಲ್ಲ ಎಂಬ ಸಮಜಾಯಿಷಿ ಸಾಲದು. ಒಪ್ಪಂದ ಕನ್ನಡದಲ್ಲಿರಲಿ, ಓದಿ ಹೇಳಲಿ, ಮನೆಗೆ ಒಂದು ಪ್ರತಿ ಕೊಡಲಿ. ಕಾರ್ಯಕ್ರಮ ಪ್ರಸಾರವಾಗದಿದ್ದರೂ ಮನೆ ಮುಗಿಸಿಕೊಡುವ ಮಾತು ಅದರಲ್ಲಿರಬೇಕು. ಮನೆಯವರು ಕೇಳಿದರೆ ವಿಡಿಯೊ ಅಳಿಸಿಹಾಕುವ ಮಾತೂ ಇರಬೇಕು.

ದುಡ್ಡು ಎಲ್ಲಿಗೆ ಹಾಕಬೇಕು

ಇಲ್ಲಿನ ಉಕ್ಕು, ಗಣಿ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಇಂಥ ಕಾರ್ಯಕ್ರಮಕ್ಕೆ ತರಬಹುದಲ್ಲ ಎಂಬ ಸಲಹೆ ಆಗಾಗ ಕೇಳುತ್ತದೆ. ತಮ್ಮ ಸರಕಿನ ಪ್ರಚಾರಕ್ಕಾಗಿ ಮಾಡುವ ಪ್ರಾಯೋಜಕತ್ವವನ್ನು ಆ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು 2021ರ ತಿದ್ದುಪಡಿ ನಿಯಮ ಹೇಳುತ್ತದೆ. ಗೋಡೆ ತುಂಬ ಹೆಸರು ಬೇಕೆನ್ನುವವರು ಅದನ್ನು ಜಾಹೀರಾತಿನ ಖರ್ಚಿಗೇ ಬರೆದುಕೊಳ್ಳಬೇಕು.

ದಾನಿಗಳ ಹಣ ಹೆಚ್ಚು ಕೆಲಸ ಮಾಡುವುದು ಸರ್ಕಾರದ ಕಂತಿನ ಜೊತೆ ನಿಂತಾಗ. ಯೋಜನೆಯ 1.20 ಲಕ್ಷ ಸಾಲದೆ ಲಿಂಟಲ್ಲಿಗೆ ನಿಂತ ಮನೆಗಳು ಪ್ರತಿ ಊರಿನಲ್ಲೂ ಇವೆ. ಅಂಥ ಮನೆಗೆ ಆಳದ ತಳಪಾಯವೋ ಸ್ಲ್ಯಾಬಿನ ಸರಳೋ ಕೊಡಿಸಿದರೆ ಫಲಾನುಭವಿಯ ಸರದಿಯೂ ತಪ್ಪುವುದಿಲ್ಲ. ಶಕ್ತಿನಗರ, ಕುಡತಿನಿಯ ವಿದ್ಯುತ್ ಸ್ಥಾವರಗಳ ಹಾರುಬೂದಿಯ ಇಟ್ಟಿಗೆ ದೂರದಿಂದ ತರಬೇಕಿಲ್ಲ. ಒಂದು ಮಹಲಿನ ದುಡ್ಡಿನಲ್ಲಿ ಓಣಿಯ ನಾಲ್ಕು ಮನೆಗೆ ಸೂರು ಬರುತ್ತದೆ. ಟಿವಿಗೆ ಇದು ಸಪ್ಪೆ ಕಂತು, ಒಪ್ಪುವ ಮಾತೇ.

ಇನ್ನು ಸರ್ಕಾರಿ ಗುತ್ತಿಗೆಯಲ್ಲಿ ದೋಷ ಹೊಣೆಗಾರಿಕೆ ಅವಧಿ ಎಂದಿರುತ್ತದೆ. ಕೆಲಸ ಮುಗಿದ ಮೇಲೂ ಅಷ್ಟು ಕಾಲ ಗುತ್ತಿಗೆದಾರನ ಠೇವಣಿ ಹಿಡಿದಿಟ್ಟು, ಸೋರಿದರೆ ಬಿರಿದರೆ ಅವನಿಂದಲೇ ಸರಿ ಮಾಡಿಸುತ್ತಾರೆ. ಟಿವಿ ಮನೆಗಳಿಗೆ ಅಂಥದ್ದೇನೂ ಇಲ್ಲ. ಕನಿಷ್ಠ ಎರಡು ಮುಂಗಾರಿನ ಮಟ್ಟಿಗೆ ಒಂದಿಷ್ಟು ಹಣ ಬ್ಯಾಂಕಿನಲ್ಲಿ ಇಟ್ಟು, ಕಟ್ಟಿದ ಮೇಸ್ತ್ರಿಯ ಫೋನ್ ನಂಬರು ಮನೆಯವರ ಕೈಗೆ ಕೊಡಲಿ. ಎರಡನೇ ಬೇಸಿಗೆಯಲ್ಲಿ ಅದೇ ಕ್ಯಾಮೆರಾ ತಿರುಗಿ ಬಂದು ಬಚ್ಚಲ ಮೂಲೆಯ ಗೋಡೆಯನ್ನು ಹತ್ತಿರದಿಂದ ಹಿಡಿದು ತೋರಿಸಲಿ.